ಅತ್ತೆಗೆ ಮೊದಲೇ ಗೊತ್ತಿತ್ತು

2020ರ ಮಾರ್ಚ್ ಮೊದಲ ವಾರ ಅವ್ವ ಹುಬ್ಬಳ್ಳಿಯಿಂದ ಪುಣೆಗೆ ಬಂದಳು. ಹದಿನೈದು ದಿನ ಇದ್ದು ಯುಗಾದಿಗೆ ಊರಿಗೆ ಮರಳುವ ಲೆಕ್ಕ. ಚೀಲದಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಕಟ್ಟು ಖಡಕ್ ರೊಟ್ಟಿ, ದಿನ ಎಣಿಸಿ ತಂದ ಬಿ.ಪಿ. ಗುಳಿಗೆ. ಚಪ್ಪಲಿ ಬಿಡುವ ಮೊದಲೇ ಕೇಳಿದಳು: 'ನಿಮ್ಮ ಟೀವ್ಯಾಗ ಜೀ ಕನ್ನಡ ಬರತೈತೇನವಾ?'

ಬರುತ್ತಿತ್ತು. 2019ರಲ್ಲಿ ಟ್ರಾಯ್ ನಿಯಮ ಬದಲಾಗಿ, ನಮಗೆ ಬೇಕಾದ ಚಾನೆಲ್‌ಗಳನ್ನು ನಾವೇ ಆರಿಸಿಕೊಳ್ಳುವ ವ್ಯವಸ್ಥೆ ಬಂದಾಗ ನಾನು ಕನ್ನಡದ ಎರಡು ಚಾನೆಲ್ ಹಾಕಿಸಿಕೊಂಡಿದ್ದೆ. ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ದಿನವಿಡೀ ಮರಾಠಿ, ಹಿಂದಿಯಲ್ಲಿ ಜಗಳವಾಡಿ ಮನೆಗೆ ಬಂದ ಮೇಲೆ ಹಿನ್ನೆಲೆಯಲ್ಲಿ ಕನ್ನಡದ ಸದ್ದು ಇದ್ದರೆ ಸಾಕು ಅನ್ನಿಸುತ್ತಿತ್ತು. ಏನು ಬರುತ್ತಿದೆ ಅಂತ ಕೂತು ನೋಡಿದ್ದು ಕಡಿಮೆ. ಅವ್ವನ ಕಥೆ ಬೇರೆ. ಅವಳಿಗೆ ರಾತ್ರಿ ಎಂಟೂವರೆ ಅಂದರೆ 'ಜೊತೆ ಜೊತೆಯಲಿ'. ಅಷ್ಟರೊಳಗೆ ಊಟ ಮುಗಿದಿರಬೇಕು, ಕುಕ್ಕರ್ ಸೀಟಿ ಹೊಡೆಯಬಾರದು, ಮೊಮ್ಮಗ ಮುಂದೆ ನಿಲ್ಲಬಾರದು.

2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆ ಧಾರಾವಾಹಿಯನ್ನು ಕನ್ನಡದವರಿಗೆ ಪರಿಚಯಿಸಬೇಕಿಲ್ಲ. ವಠಾರದ ಹುಡುಗಿ ಅನು ಸಿರಿಮನೆ, ನಲವತ್ತು ದಾಟಿದ ಉದ್ಯಮಿ ಆರ್ಯವರ್ಧನ್. ಮೇಘಾ ಶೆಟ್ಟಿ, ಅನಿರುದ್ಧ್. ವಯಸ್ಸಿನ ಅಂತರ, ಅಂತಸ್ತಿನ ಅಂತರ, ಮಗಳನ್ನು ಕಣ್ಣರೆಪ್ಪೆಯಂತೆ ಕಾಯುವ ಅಪ್ಪ ಸುಬ್ಬು. ಆರ್ಯವರ್ಧನ್ ಜೋರಾಗಿ ಮಾತಾಡುವವನಲ್ಲ, ಹೆಂಗಸರ ಮುಂದೆ ಕುರ್ಚಿ ಬಿಟ್ಟು ಏಳುವವನು. ಅವ್ವ ಅವನನ್ನು ನೋಡುವ ರೀತಿಯಲ್ಲೇ ಒಂದು ಗೌರವವಿತ್ತು. 'ಗಂಡಸಂದ್ರ ಹಿಂಗಿರಬೇಕು ನೋಡು' ಅಂತ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅಪ್ಪ ಹುಬ್ಬಳ್ಳಿಯಲ್ಲೇ ಉಳಿದಿದ್ದ ಕಾರಣ ಯಾರಿಗೂ ಬೇಜಾರಾಗಲಿಲ್ಲ.

ಸೋಫಾದ ಇನ್ನೊಂದು ತುದಿಯಲ್ಲಿ ನನ್ನ ಅತ್ತೆ. ಅವರು ಸೊಲ್ಲಾಪುರದವರು. ಮನೆಯೊಳಗೆ ಮರಾಠಿ, ಓಣಿಗೆ ಕಾಲಿಟ್ಟರೆ ಕನ್ನಡ ಕಿವಿಗೆ ಬೀಳುವ ಊರು ಅದು. ಮಾತಾಡಲು ತಡವರಿಸಿದರೂ ಕನ್ನಡ ಅವರಿಗೆ ಪೂರ್ತಿ ಅರ್ಥವಾಗುತ್ತದೆ. ಮೊದಲ ದಿನ ಹತ್ತು ನಿಮಿಷ ನೋಡಿದವರು ಎದ್ದು ಅಡುಗೆಮನೆಗೆ ಬಂದು ನನ್ನ ತೋಳು ಹಿಡಿದರು. 'ಅಗ, ಹೇ ತರ ತುಲಾ ಪಾಹತೆ ರೇ!'

ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿದೆ.

'ತುಲಾ ಪಾಹತೆ ರೇ' ಜೀ ಮರಾಠಿಯಲ್ಲಿ 2018ರ ಆಗಸ್ಟ್‌ನಿಂದ 2019ರ ಜುಲೈವರೆಗೆ ಬಂದ ಧಾರಾವಾಹಿ. ಸುಬೋಧ್ ಭಾವೆ ಅದರ ವಿಕ್ರಾಂತ್ ಸರಂಜಾಮೆ, ಗಾಯತ್ರಿ ದಾತಾರ್ ಚಾಳಿನ ಹುಡುಗಿ ಇಶಾ. ಅದೇ ಕಥೆ ಕನ್ನಡಕ್ಕೆ ಬಂತು. ಆಮೇಲೆ ತೆಲುಗಿನಲ್ಲಿ 'ಪ್ರೇಮ ಎಂತ ಮಧುರಂ', ತಮಿಳು, ಮಲಯಾಳಂಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಹುಟ್ಟಿತು. ಪುನರ್ಜನ್ಮದ ಕಥೆಗೆ ಇಷ್ಟೊಂದು ಪುನರ್ಜನ್ಮ! ಹೌದು, ಅದು ಪುನರ್ಜನ್ಮದ ಕಥೆ, ಮತ್ತು ಅತ್ತೆ ಅದನ್ನು ಕೊನೆಯ ಕಂತಿನವರೆಗೆ ನೋಡಿದ್ದರು. ತಿಂಗಳುಗಟ್ಟಲೆ ನೋಡುಗರ ಮನಸ್ಸು ಗೆದ್ದ ವಿಕ್ರಾಂತ್ ನಿಜಕ್ಕೂ ಸರಂಜಾಮೆ ಮನೆತನದವನೇ ಅಲ್ಲ. ಆ ಮನೆಯ ಮಗಳು ರಾಜನಂದಿನಿಯನ್ನು ಮದುವೆಯಾಗಿ, ಆಸ್ತಿಗಾಗಿ ಅವಳನ್ನು ಕೊಂದವನು. ಇಶಾ ಬೇರೆ ಯಾರೂ ಅಲ್ಲ, ಮರಳಿ ಹುಟ್ಟಿದ ರಾಜನಂದಿನಿ. ಅವಳು ಸೇಡು ತೀರಿಸಿಕೊಳ್ಳುವಲ್ಲಿಗೆ ಕಥೆ ಮುಗಿಯುತ್ತದೆ.

'ಅವ್ವಗ ಹೇಳಬ್ಯಾಡ್ರಿ' ಅಂದೆ.

'ನಾನ್ಯಾಕ ಹೇಳಲಿ' ಅಂದರು ಅತ್ತೆ. ಆ ಮುಖದಲ್ಲಿದ್ದ ಖುಷಿಯನ್ನು ನಾನು ಮೊದಲು ಕಂಡಿರಲಿಲ್ಲ.

ಅಂದಿನಿಂದ ನನಗೆ ಟೀವಿಗಿಂತ ಸೋಫಾ ನೋಡುವುದೇ ಹೆಚ್ಚಾಯಿತು. ಒಂದು ತುದಿಯಲ್ಲಿ ಆರ್ಯವರ್ಧನ್‌ನ ಸಭ್ಯತೆಗೆ ಕರಗುವ ಅವ್ವ. ಇನ್ನೊಂದು ತುದಿಯಲ್ಲಿ ಬಟಾಣಿ ಸುಲಿಯುತ್ತ, ಕೊಲೆಗಾರನನ್ನು ಮೊದಲೇ ಗುರುತಿಸಿಟ್ಟುಕೊಂಡು ಸುಮ್ಮನೆ ಕೂತ ಅತ್ತೆ. 'ಎಷ್ಟ ಚೊಲೊ ಮನಷ್ಯಾ ನೋಡ್ರಿ ಬೀಗರ' ಎಂದು ಅವ್ವ ಅಂದರೆ ಅತ್ತೆ, 'ಹೌದ್ರಿ, ಭಾಳ ಚೊಲೊ' ಅನ್ನುತ್ತಿದ್ದರು. ಬಟಾಣಿ ಸುಲಿಯುವ ಕೈ ಮಾತ್ರ ಒಂದು ಕ್ಷಣ ನಿಲ್ಲುತ್ತಿತ್ತು.

ಆಮೇಲೆ ಲಾಕ್‌ಡೌನ್. ಮಾರ್ಚ್ 25, ಯುಗಾದಿಯ ದಿನವೇ. ಅವ್ವನ ರೈಲು ರದ್ದು, ಗುಳಿಗೆಗೆ ಪರದಾಟ, ನನ್ನ ಕಾರ್ಖಾನೆಗೆ ಬೀಗ. ಇದನ್ನೆಲ್ಲ ಎಲ್ಲರೂ ಅನುಭವಿಸಿದವರೇ, ಹೊಸದಾಗಿ ಹೇಳುವುದೇನಿಲ್ಲ. ಅವ್ವನಿಗೆ ತಟ್ಟಿದ ಏಟು ಇನ್ನೊಂದಿತ್ತು. ಧಾರಾವಾಹಿಗಳ ಚಿತ್ರೀಕರಣ ನಿಂತು, ಕೈಯಲ್ಲಿದ್ದ ಕಂತುಗಳು ಮುಗಿದು, ಹಳೆಯವನ್ನೇ ಮತ್ತೆ ಹಾಕತೊಡಗಿದರು. ಆರ್ಯ, ಅನು ಮದುವೆ ಇನ್ನೂ ದೂರವಿತ್ತು. ಹೊಸ ಕಂತು ಬರಲು ಜೂನ್ ಆಗಬೇಕಾಯಿತು. ಅಷ್ಟೂ ದಿನ ಅವ್ವ ಮುಂದೇನಾಗಬಹುದು ಎಂದು ತಾನೇ ಕಥೆ ಕಟ್ಟಿ ಅತ್ತೆಗೆ ಒಪ್ಪಿಸುತ್ತಿದ್ದಳು. ಅವಳು ಕಟ್ಟಿದ ಕಥೆಗಳಲ್ಲೆಲ್ಲ ಮದುವೆಯಾಗುತ್ತಿತ್ತು. ಒಂದರಲ್ಲಂತೂ ಸುಬ್ಬು ಕಣ್ಣೀರಿಟ್ಟು ಅಳಿಯನ ಕೈಹಿಡಿದು 'ನಂದು ತಪ್ಪಾತು' ಅಂದುಬಿಟ್ಟ. ಇಷ್ಟೊಂದು ಆಸೆ ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಧಾರಾವಾಹಿಯ ಗುಟ್ಟಿನ ಬಗ್ಗೆ ನಾನು ಯೋಚಿಸತೊಡಗಿದ್ದು ಆ ಎರಡು ತಿಂಗಳಲ್ಲಿ. ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯವಳು ನಾನು, ಒಂದು ದೋಷ ಎಲ್ಲಿ ಹುಟ್ಟಿ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಹುಡುಕುವುದು ವೃತ್ತಿಯ ಚಟ. ಧಾರಾವಾಹಿಯಲ್ಲಿ ಗುಟ್ಟು ನೋಡುಗರಿಗೆ ಗುಟ್ಟೇ ಅಲ್ಲ. 'ಅಗ್ನಿಸಾಕ್ಷಿ'ಯ ಚಂದ್ರಿಕಾ ಎಂಥವಳೆಂದು ಕರ್ನಾಟಕದ ಮನೆಮನೆಗೂ ಗೊತ್ತಿತ್ತು, ಗೊತ್ತಿಲ್ಲದಿದ್ದದ್ದು ಅವಳ ಮನೆಯವರಿಗೆ ಮಾತ್ರ. ಹಾಗೆಯೇ ವರ್ಷಗಳು ಉರುಳಿದವು. ನಮ್ಮ ಓಣಿಯ ಅಜ್ಜಿಯೊಬ್ಬರು ಟೀವಿಯ ಕಡೆ ಕೈಬೀಸಿ, 'ಏ ಹುಚ್ಚಿ, ನಿನ್ನ ಹಿಂದ ನಿಂತಾಳ ನೋಡ' ಅಂತ ಸನ್ನಿಧಿಯನ್ನು ಎಚ್ಚರಿಸುತ್ತಿದ್ದರು. ವಾರಕ್ಕೆ ಐದು ದಿನ, ಪ್ರತಿ ಗುರುವಾರ ಬರುವ ಟಿಆರ್‌ಪಿಯ ಅಂಕಿ. ಗುಟ್ಟು ಬಯಲಾದರೆ ಕಥೆ ಮುಗಿಯುತ್ತದೆ, ಮುಗಿಯುವುದು ಯಾರಿಗೂ ಬೇಡ. ಹಾಗಾಗಿ ಗುಟ್ಟು ತಿಳಿದವರಿಗೆ ಸರಿಯಾಗಿ ಬಾಯಿ ಬಿಡುವ ಹೊತ್ತಿಗೆ ಲಾರಿ ಬಡಿಯುತ್ತದೆ, ನೆನಪು ಹೋಗುತ್ತದೆ, ಕಾಗದ ಒಲೆಗೆ ಬೀಳುತ್ತದೆ. ಇದೇ 'ಜೊತೆ ಜೊತೆಯಲಿ'ಯಲ್ಲಿ ಮುಂದೆ 2022ರಲ್ಲಿ ಅನಿರುದ್ಧ್ ಜಾಗಕ್ಕೆ ಹರೀಶ್ ರಾಜ್ ಬಂದಾಗ ಕಥೆ ಅಪಘಾತವನ್ನೂ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ ನಾಯಕನ ಮುಖವನ್ನೇ ಬದಲಿಸಿತು! ಮರಾಠಿಯಲ್ಲಿ ಒಂದು ವರ್ಷಕ್ಕೆ ಮುಗಿದದ್ದು ಕನ್ನಡದಲ್ಲಿ 2023ರ ಮೇವರೆಗೆ ನಡೆಯಿತು.

ನಮ್ಮ ಹಿರಿಯ ಕಾದಂಬರಿಕಾರರು ಗುಟ್ಟಿನ ಜೊತೆ ಹೀಗೆ ಆಟವಾಡಲಿಲ್ಲ. ಭೈರಪ್ಪನವರ 'ವಂಶವೃಕ್ಷ'ದಲ್ಲಿ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಸತ್ಯ ತಿಳಿಯುವುದು ಕೊನೆಗೆ. ಜೀವನವಿಡೀ ಯಾವ ವಂಶದ ಹೆಸರಿಗೆ ಬದುಕಿದರೋ ಅದು ತನ್ನದಲ್ಲವೆಂದು ಗೊತ್ತಾದ ಮೇಲೆ ಅವರು ಆಸ್ತಿಯನ್ನು ಕೈಬಿಟ್ಟು ಹೊರಡುತ್ತಾರೆ. ತ್ರಿವೇಣಿಯವರ 'ಶರಪಂಜರ' ಇನ್ನೂ ನಿಷ್ಠುರ. ಕಾವೇರಿಯ ಮದುವೆಗೆ ಮೊದಲಿನ ಒಂದು ಘಟನೆ ಅವಳ ಕಾಯಿಲೆಯ ಹೊತ್ತಿನಲ್ಲಿ ಬಾಯಿಂದ ಹೊರಬೀಳುತ್ತದೆ, ಗಂಡನ ಪ್ರೀತಿ ಅಲ್ಲಿಗೆ ಮುಗಿಯಿತು. ಆ ಗಂಡನಿಗೂ ಒಂದು ಗುಟ್ಟಿದೆ, ಅದನ್ನು ಯಾರೂ ಅಷ್ಟು ದೊಡ್ಡದು ಮಾಡುವುದಿಲ್ಲ. ಪುಟ್ಟಣ್ಣ ಕಣಗಾಲರು ಮಾಡಿದ ಸಿನಿಮಾವನ್ನು ಅವ್ವ ಹದಿಹರೆಯದಲ್ಲಿ ಹುಬ್ಬಳ್ಳಿಯಲ್ಲಿ ಅಕ್ಕನ ಜೊತೆ ನೋಡಿದ್ದಳಂತೆ. 'ಅಕ್ಕನ ಜೊತೆ' ಅನ್ನುವುದು ಅವಳ ಬಾಯಿಂದ ನಾನು ಕೇಳಿದ್ದು ಆ ವರ್ಷವೇ ಮೊದಲು.

ಅಲ್ಲಿಗೇ ಬಂದೆ. ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದವರು ಮಹಾಭಾರತವನ್ನು ಕನ್ನಡಕ್ಕೆ ಡಬ್ ಮಾಡಿ ಹಾಕತೊಡಗಿದರು. ಡಬ್ಬಿಂಗ್ ಬೇಡವೆಂಬ ಕನ್ನಡದ ಹಳೆಯ ಕಟ್ಟು ಟೀವಿಯಲ್ಲಿ ಸಡಿಲಾದದ್ದೇ ಆಗ. ಆರ್ಯವರ್ಧನ್ ಇಲ್ಲದ ಕೊರತೆಗೆ ಅವ್ವ ಅದನ್ನು ಹಿಡಿದಳು. ಮೇ ತಿಂಗಳ ಒಂದು ರಾತ್ರಿ, ಕುಂತಿ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಡುವ ದೃಶ್ಯ. ನಾನು ಒಳಗೆ ಮಗನ ಆನ್‌ಲೈನ್ ಪಾಠದ ಜೊತೆ ಗುದ್ದಾಡುತ್ತಿದ್ದೆ. ಹೊರಗೆ ಅವ್ವ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು:

'ಈಕಿ ಮಗನ್ನ ನೀರಾಗ ಬಿಟ್ಟಳು. ನಮ್ಮಪ್ಪ ಮಗಳ ಹೆಸರಿಗೆ ನೀರ ಬಿಟ್ಟ.'

ಅತ್ತೆ ಟೀವಿಯ ದನಿ ಸಣ್ಣದು ಮಾಡಿದರು. ಆಮೇಲೆ ಬಹಳ ಹೊತ್ತು ಅವ್ವನ ದನಿ ಮಾತ್ರ.

ಅಜ್ಜ ಹುಬ್ಬಳ್ಳಿ ರೈಲ್ವೆಯಲ್ಲಿ ಗುಮಾಸ್ತ. ಅವರ ಕಚೇರಿಯಲ್ಲಿ ಮರಾಠಿ ಮಾತಾಡುವ ಒಬ್ಬರಿದ್ದರು, ಹೆಂಡತಿ ತೀರಿಕೊಂಡಿದ್ದಳು. ಅಜ್ಜನೇ ಅವರನ್ನು ಹಬ್ಬಕ್ಕೆಂದು ಊಟಕ್ಕೆ ಕರೆತರುತ್ತಿದ್ದ. 1976ರಲ್ಲಿ ಅವ್ವನ ಅಕ್ಕ ಅವರ ಜೊತೆ ಹೊರಟುಹೋದಳು. ಅವಳಿಗೆ ಇಪ್ಪತ್ತೆರಡು, ಅವರಿಗೆ ನಲವತ್ತೊಂದು. ಮದುವೆಯಾದ ಮೇಲೆ ಕಾಗದ ಬಂತು, ಅಜ್ಜ ಬಿಡಿಸಲಿಲ್ಲ. ಮಗಳು ಸತ್ತಳೆಂದು ಎಳ್ಳುನೀರು ಬಿಟ್ಟ. ಮನೆಯಲ್ಲಿ ಆ ಹೆಸರು ಮತ್ತೆ ಎತ್ತಕೂಡದು.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಗೊತ್ತಿರಲಿಲ್ಲ. ಅಜ್ಜನ ಮನೆಯ ಗೋಡೆಯ ಮೇಲಿನ ಗುಂಪಿನ ಫೋಟೋದ ಬಲ ಅಂಚು ಕತ್ತರಿಯಿಂದ ಕತ್ತರಿಸಿದ್ದು, ಅವ್ವನ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದಿದ್ದವು. ಅದು ಯಾರ ಕೈ ಅಂತ ಆರೇಳು ವರ್ಷದವಳಿದ್ದಾಗ ಕೇಳಿದ್ದೆ. ಸೋದರಮಾವ ಆಟಕ್ಕೆ ಹೋಗು ಅಂದಿದ್ದ. ದೊಡ್ಡವಳಾದ ಮೇಲೆ ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬಿದ್ದಿತ್ತು. ನನ್ನ ಅಣ್ಣಂದಿರಿಗೂ ಗೊತ್ತು, ನೆರೆಯವರಿಗೂ ಗೊತ್ತು. ಧಾರಾವಾಹಿಯ ಮನೆಗಳಲ್ಲಿ ಗುಟ್ಟು ಒಬ್ಬರಿಗೆ ಗೊತ್ತಿರುತ್ತದೆ, ಹದಿನೈದು ಜನರಿಗೆ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲಿ ಹದಿನೈದು ಜನರಿಗೂ ಗೊತ್ತಿತ್ತು, ಒಬ್ಬರೂ ಆಡುತ್ತಿರಲಿಲ್ಲ. ಬಯಲಾಗಲು ಅಲ್ಲಿ ಏನೂ ಉಳಿದಿರಲಿಲ್ಲ. ಹಾಗಾಗಿ ನಲವತ್ನಾಲ್ಕು ವರ್ಷ ನಡೆಯಿತು.

ಅವ್ವ ಅಕ್ಕನಿಗಾಗಿ ಕೊರಗುತ್ತ ಕೂತಿದ್ದಳು ಅಂತ ಯಾರೂ ಭಾವಿಸಬಾರದು. ಅವಳಿಗೆ ಸಿಟ್ಟಿತ್ತು. 'ಅಕ್ಕ ಹೋದಾಕಿ, ತಂಗಿ ಹೆಂಗೋ' ಎಂದು ಮೂರು ಸಂಬಂಧ ಮುರಿದುಬಿದ್ದವು. ನಾಲ್ಕನೆಯವರಾಗಿ ನಮ್ಮಪ್ಪ ಸಿಕ್ಕಿದ್ದು. ಆ ಸಿಟ್ಟು ಎಷ್ಟು, ಆರ್ಯವರ್ಧನ್ ಮೇಲಿನ ಪ್ರೀತಿ ಎಷ್ಟು, ಎರಡೂ ಒಂದೇ ಎದೆಯಲ್ಲಿ ಹೇಗೆ ಕೂತಿದ್ದವು, ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ವಯಸ್ಸಾದ ಒಬ್ಬ ಗಂಡಸನ್ನು ಪ್ರೀತಿಸಿದ ಹುಡುಗಿ ಕೆಟ್ಟು ಹೋಗಲಿಲ್ಲ ಅಂತ ಅವಳಿಗೆ ದಿನಾ ರಾತ್ರಿ ಎಂಟೂವರೆಗೆ ಯಾರಾದರೂ ತೋರಿಸಬೇಕಿತ್ತು, ಅಷ್ಟು ಮಾತ್ರ ಗೊತ್ತಾಯಿತು.

ಮತ್ತು ಆ ಮನುಷ್ಯ ಕೊಲೆಗಾರ ಅಂತ ಅತ್ತೆಗೆ ಗೊತ್ತು.

ಆ ರಾತ್ರಿ ಅವ್ವ ಮಲಗಿದ ಮೇಲೆ ಅತ್ತೆ ನನ್ನ ಹತ್ತಿರ ಬಂದರು. ಖುಷಿ ಮಾಯವಾಗಿತ್ತು. 'ಈಗ ಹೇಳಿದ್ರ ಪಾಪ, ಹೇಳದಿದ್ರೂ ಪಾಪ' ಅಂದರು. ನಾನು, ಹೇಗಿದ್ದರೂ ಒಂದು ದಿನ ಟೀವಿಯಲ್ಲೇ ಬರುತ್ತದಲ್ಲ ಅಂದೆ. 'ಅಲ್ಲೀತನಕಾದ್ರೂ ಅಂವ ಚೊಲೊ ಇರಲಿ' ಅಂದರು.

ನನಗೆ ಆ ಕಥೆಯ ಮೇಲೆ ಮುನಿಸು ಹುಟ್ಟಿದ್ದು ಆಗ. ನೂರಾರು ಕಂತು ನೋಡುಗರನ್ನು ಪುಸಲಾಯಿಸಿ, ವಯಸ್ಸು ಅಡ್ಡಿಯಲ್ಲ, ಅಂತಸ್ತು ಅಡ್ಡಿಯಲ್ಲ, ಅಪ್ಪನ ಭಯ ಸುಳ್ಳು ಅಂತ ಒಪ್ಪಿಸಿ, ಕೊನೆಗೆ ನೆಲದಡಿಯಿಂದ ಒಂದು ಕೊಲೆ ಅಗೆದು ತೆಗೆದರೆ ಏನು ಹೇಳಿದಂತಾಯಿತು? ಅಪ್ಪ ಹೆದರಿದ್ದೇ ಸರಿ, ನೆಂಟರು ಆಡಿಕೊಂಡಿದ್ದೇ ಸರಿ. ಪುನರ್ಜನ್ಮ ಇಟ್ಟದ್ದಕ್ಕೆ ನನ್ನ ತಕರಾರಿಲ್ಲ, ಅದು ನಮ್ಮ ಕಥೆಗಳಿಗೆ ಹೊಸದೂ ಅಲ್ಲ. ಆದರೆ ಜನ ಒಪ್ಪದ ಪ್ರೀತಿಯೊಂದನ್ನು ಪರದೆಗೆ ತರುವ ಧೈರ್ಯ ಮಾಡಿದವರು ಅದನ್ನು ಸುಮ್ಮನೆ ಬದುಕಲು ಬಿಡಬಹುದಿತ್ತು. ಹತ್ತೊಂಬತ್ತು ವರ್ಷದ ಅಂತರದ ಒಂದು ಸಂಸಾರ, ಜಗಳ, ಬಾಡಿಗೆ ಮನೆ, ಗಂಡನಿಗೆ ಮೊದಲು ವಯಸ್ಸಾಗುವುದು, ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು. ಅದಕ್ಕೆ ಟಿಆರ್‌ಪಿ ಬರುವುದಿಲ್ಲವೇನೋ.

ಬೆಳಗ್ಗೆ ಅವ್ವನನ್ನು ನೇರ ಕೇಳಿದೆ: 'ದೊಡ್ಡವ್ವ ಈಗ ಎಲ್ಲಿದ್ದಾಳೆ?'

ಅವ್ವ ಗುಳಿಗೆಯ ಡಬ್ಬಿ ತೆಗೆದಳು. ಮುಚ್ಚಳದ ಒಳಗೆ ಮಡಚಿದ ಚೀಟಿ. ಮೀರಜಿನ ಯಾವುದೋ ಮದುವೆಯಲ್ಲಿ ಒಬ್ಬ ಹಳೆಯ ಪರಿಚಯದವರು ಬರೆದುಕೊಟ್ಟದ್ದು, ಆಗಲೇ ಎಂಟು ವರ್ಷವಾಗಿತ್ತು. ವಿಳಾಸ ದಾಪೋಡಿಯದು. ಸಿಂಹಗಡ ರಸ್ತೆಯ ನಮ್ಮ ಮನೆಯಿಂದ ದಾಪೋಡಿಗೆ, ದಟ್ಟಣೆ ಇಲ್ಲದಿದ್ದರೆ, ಮುಕ್ಕಾಲು ಗಂಟೆಯೂ ಬೇಡ. ನಾನು ಕಾರ್ಖಾನೆಗೆ ದಿನಾ ಹೋಗುವುದು ಆ ಕಡೆಗೇ. ಈ ಎಂಟು ವರ್ಷದಲ್ಲಿ ಅವ್ವ ಆರು ಸಲ ಪುಣೆಗೆ ಬಂದು ಹೋಗಿದ್ದಳು. ಪ್ರತಿ ಸಲವೂ ಚೀಟಿ ಜೊತೆಗೆ ಬಂದು, ಜೊತೆಗೇ ಹುಬ್ಬಳ್ಳಿಗೆ ಮರಳಿತ್ತು.

ಫೋನ್ ಹಚ್ಚಲು ಒಪ್ಪಿಸುವಷ್ಟರಲ್ಲಿ ಆಗಸ್ಟ್ ಬಂತು. ಫೋನ್‌ನಲ್ಲಿ ಇಬ್ಬರೂ ಆಡಿದ್ದು ನಾಲ್ಕು ಮಾತು, ಅದರಲ್ಲಿ ಎರಡು ಕೊರೊನಾ ಬಗ್ಗೆ. ಭೇಟಿಗೆ ದೀಪಾವಳಿ ಕಳೆಯಬೇಕಾಯಿತು. ಅವ್ವ, ಅತ್ತೆ, ನಾನು ಮೂವರೂ ಮಾಸ್ಕ್ ಹಾಕಿಕೊಂಡು ಹೋದೆವು. ಅತ್ತೆ ಬರುವ ಅಗತ್ಯವಿರಲಿಲ್ಲ, ಆದರೆ ಅವ್ವನೇ 'ಬೀಗರು ಬರಬೇಕು' ಅಂದಳು.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ. 2011ರಲ್ಲಿ ತೀರಿಕೊಂಡರಂತೆ. ಬಿಳಿ ಅಂಗಿ, ದಪ್ಪ ಚೌಕಟ್ಟಿನ ಕನ್ನಡಕ, ಸಾದಾ ಮುಖ. ದೊಡ್ಡವ್ವನಿಗೆ ಅರವತ್ತಾರು. ಕನ್ನಡದ ವಾಕ್ಯ ಅರ್ಧಕ್ಕೆ ಮರಾಠಿಯಾಗುತ್ತಿತ್ತು. ಅಪ್ಪಿಕೊಳ್ಳುವುದು, ಕಾಲಿಗೆ ಬೀಳುವುದು ಏನೂ ನಡೆಯಲಿಲ್ಲ. ಅವ್ವ ಚಟ್ನಿಯ ಡಬ್ಬಿ ಮೇಜಿನ ಮೇಲಿಟ್ಟಳು. ದೊಡ್ಡವ್ವ ಮುಚ್ಚಳ ತೆಗೆದು ಮೂಸಿ, 'ಬಳ್ಳೊಳ್ಳಿ ಕಡಿಮಿ ಆಗೇತಿ' ಅಂದಳು.

ಚಹಾ ಬಂತು. ದೊಡ್ಡವ್ವನೇ ಕೇಳಿದಳು, 'ನನ್ನಿಂದ ನಿನ್ನ ಮದಿವಿಗೆ ತೊಂದ್ರಿ ಆತಂತ?'

'ಮೂರು ಸಂಬಂಧ ಹೋದ್ವು.'

'ಮೂರೂ ನಂಗ ಗೊತ್ತಿದ್ದಿಲ್ಲ.'

'ನಿಂಗ ಹೆಂಗ ಗೊತ್ತಾಗಬೇಕು?'

ಫ್ಯಾನಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ಮಾತು ಬದಲಿಸಲು ಅತ್ತೆಯೇ ಟೀವಿಯ ಕಡೆ ನೋಡಿ, ನಮ್ಮ ಬೀಗರು ಇಲ್ಲಿದ್ದರೂ ಕನ್ನಡ ಧಾರಾವಾಹಿ ಬಿಡೋದಿಲ್ಲ ಅಂದರು. ಯಾವುದು ಅಂತ ದೊಡ್ಡವ್ವ ಕೇಳಿದಳು. ಅವ್ವ ಹೇಳಿದಳು, ಸಣ್ಣ ಹುಡುಗಿ, ವಯಸ್ಸಾದ ಯಜಮಾನ, ಅಪ್ಪ ಒಪ್ಪವಲ್ಲ. ಹೇಳುತ್ತಲೇ ಮುಖ ಕೆಂಪಾಯಿತು.

'ಅಯ್ಯ, ಅದನ್ನ ನಾನೂ ಮರಾಠ್ಯಾಗ ನೋಡತಿದ್ದೆ! ಅರ್ಧಕ್ಕ ಬಿಟ್ಟೆ. ಆ ವಿಕ್ರಾಂತ...'

ಅತ್ತೆ ಚಿವಡಾದ ತಟ್ಟೆಯನ್ನು ದೊಡ್ಡವ್ವನ ಮೂಗಿನ ತನಕ ಒಯ್ದರು. 'ತಗೋರಿ, ತಗೋರಿ, ನಿಮ್ಮದ ಮನಿದು, ನೀವ ತಿಂದಿಲ್ಲ.' ದೊಡ್ಡವ್ವ ಅತ್ತೆಯ ಮುಖ ನೋಡಿದಳು, ಬಾಯಿ ಮುಚ್ಚಿದಳು.

ಕಪ್ಪು ತೊಳೆಯುವ ನೆಪದಲ್ಲಿ ಅತ್ತೆ ಅವಳ ಹಿಂದೆಯೇ ಅಡುಗೆಮನೆಗೆ ಹೋದರು, ನಾನೂ ಹೋದೆ. ನಳ ಬಿಟ್ಟುಕೊಂಡು, ಅವ್ವನಿಗೆ ಮುಂದಿನ ಕಥೆ ಗೊತ್ತಿಲ್ಲವೆಂದು ಅತ್ತೆ ಮರಾಠಿಯಲ್ಲಿ ಪಿಸುಗುಟ್ಟಿದರು. ದೊಡ್ಡವ್ವ ಕಪ್ಪು ತೊಳೆಯುತ್ತಲೇ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

'ಹೇಳಬ್ಯಾಡ್ರಿ. ನಾನೂ ಅದು ಬಂದ ದಿನಾನ ಬಂದ್ ಮಾಡಿದೆ. ನಮ್ಮನಿಯವರು ಹಂಗಿದ್ದಿಲ್ಲ.'

ಆ ತಿಂಗಳ ಕೊನೆಗೆ ಅಣ್ಣ ಕಾರು ತಂದು ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದ. ಕನ್ನಡದಲ್ಲಿ ಆರ್ಯ, ಅನು ಮದುವೆಯೂ ಆಯಿತು. ಅವ್ವ ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದಳೆಂದು ಅಪ್ಪ ಫೋನ್‌ನಲ್ಲಿ ದೂರಿದ. ಆಮೇಲೆ ರಾಜನಂದಿನಿಯ ಕಥೆ ಕನ್ನಡದಲ್ಲೂ ಬಿಚ್ಚಿಕೊಳ್ಳತೊಡಗಿತು. ಆ ರಾತ್ರಿ ಅತ್ತೆ ಒಂಬತ್ತು ಗಂಟೆಯಿಂದಲೇ ಮೊಬೈಲ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಬೀಗತಿಯ ಬೈಗುಳ ಈಗ ಬರುತ್ತದೆ ಅಂತ. ಬರಲಿಲ್ಲ. ಒಂಬತ್ತೂವರೆಗೆ ನಾನೇ ಹಚ್ಚಿದೆ, ಬಿಜಿ. ಹತ್ತಕ್ಕೆ ಹಚ್ಚಿದೆ, ಬಿಜಿ. ಅತ್ತೆ ದಾಪೋಡಿಯ ನಂಬರಿಗೆ ಹಚ್ಚಿ ನೋಡು ಅಂದರು.

ಅದೂ ಬಿಜಿ ಇತ್ತು. ಹನ್ನೊಂದರ ತನಕವೂ.